ಪ್ರಶ್ನೆಗೆ ಮನೆಯಲ್ಲೇ ಜಾಗವಿರಲಿ

ಇಂದಿನ ಯುವ ಪೀಳಿಗೆಯ ಬಗ್ಗೆ ನಮ್ಮ ಸಮುದಾಯದಲ್ಲಿ ಕೇಳಿಬರುವ ದೂರುಗಳ ಪಟ್ಟಿ ಸಣ್ಣದೇನಲ್ಲ. ದುಡಿಮೆ ಇದೆ, ಬರಕತ್ ಇಲ್ಲ. ಓದು ಇದೆ, ವಿನಯ ಇಲ್ಲ. ಕೈಯಲ್ಲಿ ಮೊಬೈಲ್ ಇದೆ, ಮನೆಯವರ ಜೊತೆ ಮಾತಿಲ್ಲ. ಆದರೆ ಮದುವೆ ಹಾಲ್‌ಗಳಲ್ಲಿ, ಜಮಾಅತ್ ಸಭೆಗಳ ಬಳಿಕದ ಚಹಾದ ಹೊತ್ತಿನಲ್ಲಿ ಇವೆಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ದೂರು ಬೇರೆಯೇ: ‘ಈಗಿನವರಿಗೆ ಎಲ್ಲದಕ್ಕೂ ಪ್ರಶ್ನೆ.’ ಹೇಳಿದ್ದನ್ನು ಒಪ್ಪಿಕೊಳ್ಳುವುದಿಲ್ಲ, ಯಾಕೆ ಎಂದು ಕೇಳುತ್ತಾರೆ, ಎಲ್ಲಿ ಹಾಗೆ ಹೇಳಿದೆ ಎಂದು ಪುರಾವೆ ಬಯಸುತ್ತಾರೆ ಎಂಬುದು ಆ ದೂರಿನ ಸಾರ.

ಈ ದೂರಿಗೆ ಗುರಿಯಾಗಿರುವವರು ನಾವೇ. 1990ರ ದಶಕದಲ್ಲಿ ಹುಟ್ಟಿ, ಮಂಗಳೂರು, ಭಟ್ಕಳ, ಹಾಸನ, ಶಿವಮೊಗ್ಗ, ಕಲಬುರಗಿಯಂತಹ ಊರುಗಳಲ್ಲೋ ಕೊಲ್ಲಿಯ ದುಬೈ, ಜಿದ್ದಾ, ದಮ್ಮಾಮ್‌ಗಳಲ್ಲೋ ಬೆಳೆದು, ಇಂದು ಇಂಜಿನಿಯರ್, ವೈದ್ಯೆ, ಲೆಕ್ಕಪರಿಶೋಧಕ, ವಕೀಲ, ಶಿಕ್ಷಕಿ ಎಂದು ಬೇರೆ ಬೇರೆ ವೃತ್ತಿಗಳಲ್ಲಿ ತೊಡಗಿರುವವರು. ದೂರು ಸುಳ್ಳೆಂದು ನಾವು ಹೇಳಲಾರೆವು. ನಾವು ಪ್ರಶ್ನಿಸುತ್ತೇವೆ, ನಿಜ. ಆದರೆ ಆ ಪ್ರಶ್ನೆಗಳು ಎಲ್ಲಿಂದ ಹುಟ್ಟುತ್ತವೆ, ಅವುಗಳಿಗೆ ಉತ್ತರ ಸಿಗದಿದ್ದರೆ ಅವು ಎಲ್ಲಿಗೆ ಹೋಗುತ್ತವೆ ಎಂಬ ಬಗ್ಗೆ ಸಮುದಾಯ ಶಾಂತವಾಗಿ ಯೋಚಿಸಿದ್ದು ಕಡಿಮೆ. ಪ್ರಶ್ನೆಯನ್ನು ಬಂಡಾಯವೆಂದು ತಿಳಿದು ಗದರಿಸುವುದು, ಇಲ್ಲವೇ ‘ಕಾಲ ಕೆಟ್ಟಿತು’ ಎಂದು ನಿಟ್ಟುಸಿರು ಬಿಡುವುದು- ಈ ಎರಡರಾಚೆಗೆ ಮೂರನೆಯ ದಾರಿಯೊಂದಿದೆ ಎಂಬುದು ನಮ್ಮ ನಂಬಿಕೆ.

ಅಷ್ಟಕ್ಕೂ ಒಂದು ಪೀಳಿಗೆ ಎಂದರೇನು? ಒಂದೇ ದಶಕದಲ್ಲಿ ಹುಟ್ಟಿದವರೆಲ್ಲ ಒಂದು ಪೀಳಿಗೆಯೇ? ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ 1928ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ಹುಟ್ಟಿದ ವರ್ಷ ಒಂದೇ ಆಗಿರುವುದಷ್ಟೇ ಸಾಲದು. ಹರೆಯದಲ್ಲಿ ಒಟ್ಟಾಗಿ ಕಂಡ, ಒಟ್ಟಾಗಿ ಅನುಭವಿಸಿದ ಘಟನೆಗಳು ಒಂದು ಪೀಳಿಗೆಯನ್ನು ರೂಪಿಸುತ್ತವೆ ಎಂಬುದು ಅವರ ವಾದದ ತಿರುಳು. ಈ ಮಾತಿನ ಬೆಳಕಿನಲ್ಲಿ ನಮ್ಮ ಮನೆಗಳನ್ನೇ ನೋಡೋಣ. ನಮ್ಮ ತಂದೆಯಂದಿರನ್ನು ರೂಪಿಸಿದ್ದು ಕೊಲ್ಲಿಯ ದುಡಿಮೆ, ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಸಿಗುತ್ತಿದ್ದ ರಜೆ, ಅಂಚೆಯಲ್ಲಿ ಬರುತ್ತಿದ್ದ ಪತ್ರ, ತಂಗಿಯರ ಮದುವೆಯ ಹೊಣೆ, ಊರಲ್ಲೊಂದು ಹೆಂಚಿನ ಮನೆಯನ್ನು ತಾರಸಿ ಮನೆಯಾಗಿಸುವ ಕನಸು. 1992ರ ಡಿಸೆಂಬರ್ 6 ಅವರ ಹರೆಯವನ್ನು ಎರಡಾಗಿ ಸೀಳಿತು. ಸದ್ದು ಮಾಡದೆ ಬದುಕಿದರೆ ಬದುಕಬಹುದು ಎಂಬ ಎಚ್ಚರ ಅವರಲ್ಲಿ ಬೇರೂರಿದ್ದು ಆ ದಿನಗಳಲ್ಲಿ. ಆ ಎಚ್ಚರಕ್ಕೆ ಕಾರಣವಿತ್ತು. ಅದನ್ನು ಅಂಜುಬುರುಕುತನವೆಂದು ಹಳಿಯುವ ಹಕ್ಕು ಯಾರಿಗೂ ಇಲ್ಲ.

ನಮ್ಮನ್ನು ರೂಪಿಸಿದ ಘಟನೆಗಳು ಬೇರೆ. 2006ರ ಅಕ್ಟೋಬರ್‌ನಲ್ಲಿ ಕೋಮುಗಲಭೆಯಿಂದಾಗಿ ಮಂಗಳೂರಿನಲ್ಲಿ ಕರ್ಫ್ಯೂ ಹೇರಲ್ಪಟ್ಟಾಗ ನಮ್ಮಲ್ಲಿ ಹಲವರು ಶಾಲಾ ವಿದ್ಯಾರ್ಥಿಗಳು. 2016ರ ಬಳಿಕ ಅಂತರ್ಜಾಲ ಅಗ್ಗವಾಗಿ, ಜಗತ್ತಿನ ಎಲ್ಲ ಗ್ರಂಥಾಲಯಗಳೂ ಎಲ್ಲ ಗಲಾಟೆಗಳೂ ಏಕಕಾಲದಲ್ಲಿ ನಮ್ಮ ಅಂಗೈಗೆ ಬಂದವು. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ದೇಶಾದ್ಯಂತ ಪ್ರತಿಭಟನೆಗಳು ನಡೆದಾಗ ಸಂವಿಧಾನದ ಪೀಠಿಕೆಯನ್ನು ಬೀದಿಯಲ್ಲಿ ನಿಂತು ಓದಿದವರು ನಮ್ಮ ವಯಸ್ಸಿನವರು. ಅದೇ ತಿಂಗಳ 19ರಂದು ಮಂಗಳೂರಿನ ಗೋಲಿಬಾರಿನಲ್ಲಿ ಎರಡು ಜೀವಗಳು ಬಲಿಯಾದವು. 2020ರಲ್ಲಿ ಕೊರೋನಾ ಬಂದಾಗ ಅದರ ಜೊತೆಗೆ ಸಮುದಾಯದ ಮೇಲಿನ ಅಪವಾದವೂ ಬಂತು. ಮರುವರ್ಷದ ಎರಡನೇ ಅಲೆಯಲ್ಲಿ, ಸ್ವಂತದವರೇ ಮುಟ್ಟಲು ಹಿಂಜರಿದ ಶವಗಳಿಗೆ ಜಾತಿ-ಧರ್ಮ ನೋಡದೆ ಅಂತ್ಯಸಂಸ್ಕಾರ ಮಾಡಿದವರಲ್ಲಿ ಮುಸ್ಲಿಮ್ ಯುವಕರ ಸ್ವಯಂಸೇವಾ ತಂಡಗಳೂ ಇದ್ದವು. 2022ರಲ್ಲಿ ಹಿಜಾಬ್ ವಿವಾದವು ತರಗತಿಯ ಬಾಗಿಲಲ್ಲೇ ನಮ್ಮ ತಂಗಿಯರನ್ನು ತಡೆದು ನಿಲ್ಲಿಸಿತು. ಇವುಗಳ ನಡುವೆ ಬೆಳೆದ ಪೀಳಿಗೆಗೆ ಪ್ರಶ್ನೆಗಳೇ ಇಲ್ಲದಿದ್ದರೆ ಅಲ್ಲವೇ ಆಶ್ಚರ್ಯಪಡಬೇಕಾದದ್ದು?

ಆದರೆ ನಮ್ಮ ಕುತೂಹಲದ ಬೇರು ಕೇವಲ ಸಂಕಟಗಳಲ್ಲಿಲ್ಲ. ಅದು ನಮ್ಮ ಬಾಲ್ಯದ ಸಮೃದ್ಧಿಯಲ್ಲಿದೆ. ಕರಾವಳಿಯ ಒಂದು ಸಾಮಾನ್ಯ ಬ್ಯಾರಿ ಮಗುವನ್ನು ಗಮನಿಸಿ. ಮನೆಯಲ್ಲಿ ಬ್ಯಾರಿ ಭಾಷೆ. ಗೇಟು ದಾಟಿದರೆ ತುಳು; ಬಸ್ಸಿನ ಕಂಡಕ್ಟರ್, ಮೀನಿನ ಬುಟ್ಟಿ ಹೊತ್ತ ಹೆಂಗಸು, ಪಕ್ಕದ ಮನೆಯವರು- ಎಲ್ಲರ ಜೊತೆ ಅದೇ. ಶಾಲೆಯಲ್ಲಿ ಕನ್ನಡ. ಮದ್ರಸಾದಲ್ಲಿ ಅರಬಿ ಅಕ್ಷರ. ಅನೇಕ ಕಡೆ ಅರಬಿ ಲಿಪಿಯಲ್ಲಿ ಬರೆದ ಮಲಯಾಳದ ಪಠ್ಯ. ಟಿ.ವಿ.ಯಿಂದ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್. ಭಟ್ಕಳದ ಮಗುವಿಗೆ ನವಾಯತಿ, ಉರ್ದು, ಕನ್ನಡ. ವಿಜಯಪುರ, ಕಲಬುರಗಿಯ ಮಗುವಿಗೆ ದಖ್ಖನಿ ಮತ್ತು ಕನ್ನಡ. ಕನ್ನಡವನ್ನೇ ಮನೆಮಾತಾಗಿಸಿಕೊಂಡಿರುವ ಪಿಂಜಾರ ಕುಟುಂಬಗಳೂ ಇವೆ. ಹತ್ತು ವರ್ಷ ತುಂಬುವ ಮೊದಲೇ ನಮ್ಮ ಮಕ್ಕಳು ಮೂರೋ ನಾಲ್ಕೋ ಭಾಷೆಗಳ ನಡುವೆ ಓಡಾಡುತ್ತಾರೆ. ಇದನ್ನು ನಾವು ಎಷ್ಟು ಸಹಜವಾಗಿ ಸ್ವೀಕರಿಸಿದ್ದೇವೆಂದರೆ ಅದೊಂದು ಸಂಪತ್ತು ಎಂಬುದೇ ನಮಗೆ ನೆನಪಿಲ್ಲ.

ಈ ಸಂಪತ್ತು ಒಂದು ಸ್ವಭಾವವನ್ನು ಬೆಳೆಸುತ್ತದೆ. ಒಂದೇ ವಸ್ತುವಿಗೆ ನಾಲ್ಕು ಹೆಸರುಗಳಿವೆ ಎಂದು ಬಾಲ್ಯದಲ್ಲೇ ತಿಳಿದವನಿಗೆ, ಒಂದೇ ಸಂಗತಿಯನ್ನು ನಾಲ್ಕು ಕಡೆಯಿಂದ ನೋಡಬಹುದು ಎಂಬುದೂ ತಿಳಿಯುತ್ತದೆ. ಅಜ್ಜಿಗೆ ವೈದ್ಯರ ಮಾತನ್ನು ಬ್ಯಾರಿಯಲ್ಲೂ, ವೈದ್ಯರಿಗೆ ಅಜ್ಜಿಯ ನೋವನ್ನು ಕನ್ನಡದಲ್ಲೂ ಹೇಳಬೇಕಾಗಿ ಬಂದ ಬಾಲಕಿ, ‘ಇದರ ನಿಜವಾದ ಅರ್ಥವೇನು?’ ಎಂದು ಕೇಳುವುದನ್ನು ಯಾವ ಶಾಲೆಯೂ ಕಲಿಸದೆಯೇ ಕಲಿಯುತ್ತಾಳೆ. ದೀಪಾವಳಿಗೆ ನೆರೆಮನೆಯಿಂದ ಬಂದ ತಿಂಡಿಯ ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದೆಂದು ತಾಯಿ ಹೇಳಿದಾಗ, ಅವರು ಯಾಕೆ ದೀಪ ಹಚ್ಚುತ್ತಾರೆ, ನಾವು ಯಾಕೆ ಹಚ್ಚುವುದಿಲ್ಲ ಎಂಬ ಪ್ರಶ್ನೆ ಮಗುವಿನಲ್ಲಿ ಹುಟ್ಟುವುದು ಸಹಜ. ಹೀಗೆ ಹುಟ್ಟಿದ ಪ್ರಶ್ನೆಯಲ್ಲಿ ವಿಶ್ವಾಸದ ಕೊರತೆಯಿಲ್ಲ. ನೆರೆಯವರನ್ನು ಅರಿಯಬೇಕೆಂಬ ಹಂಬಲವಿದೆ, ತನ್ನನ್ನು ತಾನು ತಿಳಿದುಕೊಳ್ಳುವ ಮೊದಲ ಹೆಜ್ಜೆಯೂ ಇದೆ.

ಕೊಲ್ಲಿಯಲ್ಲಿ ಬೆಳೆದವರ ಕಥೆ ಇನ್ನಷ್ಟು ಸಂಕೀರ್ಣ. ಅವರ ತರಗತಿಯಲ್ಲಿ ಕೇರಳದವರು, ಹೈದರಾಬಾದಿನವರು, ತಮಿಳುನಾಡಿನವರು. ಅವರ ಕಟ್ಟಡದಲ್ಲಿ ಈಜಿಪ್ಟಿನವರು, ಫಿಲಿಪ್ಪೀನ್ಸ್‌ನವರು, ಪಾಕಿಸ್ತಾನದವರು. ಹುಟ್ಟಿ ಬೆಳೆದ ನಾಡು ಅವರಿಗೆ ತಂದೆಯ ಉದ್ಯೋಗದ ವೀಸಾ ಇರುವ ತನಕ ಮಾತ್ರ ತಮ್ಮದು. ಊರೆಂದು ಹೇಳುವ ಊರಿಗೆ ಅವರು ಬರುತ್ತಿದ್ದುದು ಬೇಸಿಗೆ ರಜೆಯ ಅತಿಥಿಗಳಾಗಿ. 1950ರ ದಶಕದಲ್ಲಿ ಭಾರತದಲ್ಲಿ ನೆಲೆಸಿದ್ದ ಅಮೆರಿಕನ್ ಕುಟುಂಬಗಳನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್, ಹೆತ್ತವರ ನಾಡಿಗೂ ತಾವಿರುವ ನಾಡಿಗೂ ಪೂರ್ತಿಯಾಗಿ ಸೇರದೆ ಬೆಳೆಯುವ ಇಂತಹ ಮಕ್ಕಳನ್ನು ‘ಮೂರನೇ ಸಂಸ್ಕೃತಿಯ ಮಕ್ಕಳು’ ಎಂದು ಕರೆದರು. ಅಂದು ಭಾರತದಲ್ಲಿದ್ದ ಅಮೆರಿಕನ್ನರನ್ನು ನೋಡಿ ಹುಟ್ಟಿದ ಆ ಮಾತು ಇಂದು ಉಳ್ಳಾಲ, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಗೆ ಅನ್ವಯಿಸುತ್ತದೆ. ‘ನಿನ್ನ ಊರು ಯಾವುದು?’ ಎಂಬ ಸರಳ ಪ್ರಶ್ನೆಗೆ ಆ ಮಕ್ಕಳು ಒಂದು ಕ್ಷಣ ತಡೆದು ಉತ್ತರಿಸುತ್ತಾರೆ. ಆ ಒಂದು ಕ್ಷಣದ ಮೌನದಲ್ಲಿ ಏನಿದೆ ಎಂದು ಹೆತ್ತವರು ಎಂದಾದರೂ ವಿಚಾರಿಸಿದ್ದಾರೆಯೇ?

ಬಹುಭಾಷೆ, ಬಹುಸಂಸ್ಕೃತಿ, ಕುತೂಹಲ- ಇವೆಲ್ಲ ಪಶ್ಚಿಮದಿಂದ ಬಂದ ಹೊಸ ಚಾಳಿಗಳೆಂದು ಕೆಲವರು ಭಾವಿಸಿದ್ದಾರೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಮದೀನಾದಲ್ಲಿ ಪ್ರವಾದಿ ಮುಹಮ್ಮದ್(ಸ)ರು ಯುವಕ ಝೈದ್ ಬಿನ್ ಸಾಬಿತ್‌ರಿಗೆ ಯಹೂದಿಯರ ಲಿಪಿಯನ್ನು ಕಲಿಯಲು ಆದೇಶಿಸಿದರು; ಅವರು ಕೆಲವೇ ವಾರಗಳಲ್ಲಿ ಅದನ್ನು ಕಲಿತರು. ಖ್ವಾರಿಝ್ಮ್‌ನ ಅಲ್-ಬೀರೂನಿ ಸಂಸ್ಕೃತವನ್ನು ಕಲಿತು, ಇಲ್ಲಿನ ಪಂಡಿತರ ಬಳಿ ಕೇಳಿ ತಿಳಿದು, ಸುಮಾರು 1030ರಲ್ಲಿ ಭಾರತದ ಧರ್ಮ, ಗಣಿತ, ಖಗೋಳದ ಕುರಿತು ಬೃಹತ್ ಗ್ರಂಥವನ್ನೇ ಬರೆದರು. ಇದೇ ಕರ್ನಾಟಕದ ಕರಾವಳಿಗೆ 14ನೇ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ, ಹೊನ್ನಾವರದಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಶಾಲೆಗಳನ್ನು ಕಂಡುದಾಗಿ ದಾಖಲಿಸಿದ್ದಾರೆ. 1580ರಿಂದ 1627ರ ತನಕ ವಿಜಯಪುರವನ್ನು ಆಳಿದ ಎರಡನೇ ಇಬ್ರಾಹೀಮ್ ಆದಿಲ್‌ಶಾಹನು ದಖ್ಖನಿಯಲ್ಲಿ ಸಂಗೀತದ ಗ್ರಂಥ ರಚಿಸಿದ. 19ನೇ ಶತಮಾನದ ಶಿಶುನಾಳ ಶರೀಫರು ಗೋವಿಂದ ಭಟ್ಟರ ಶಿಷ್ಯರಾದರು. ಇವರೊಂದಿಗೆಲ್ಲ ಎಲ್ಲ ವಿಷಯದಲ್ಲೂ ನಮಗೆ ಸಹಮತ ಇರಬೇಕೆಂದಿಲ್ಲ. ಆದರೆ ಇತರರನ್ನು ಅರಿಯುವ ಹಂಬಲ ನಮ್ಮ ಮನೆಗೆ ಹೊಸ ಅತಿಥಿಯೇನಲ್ಲ ಎಂಬುದಕ್ಕೆ ಇಷ್ಟು ಸಾಕು.

ಇತ್ತೀಚಿನ ನಿದರ್ಶನವೂ ಇದೆ. 2025ರಲ್ಲಿ ಹಾಸನದ ಬಾನು ಮುಷ್ತಾಕ್‌ರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಕೃತಿಯೊಂದಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಉರ್ದು ವಾತಾವರಣದಿಂದ ಬಂದ ಆ ಬಾಲಕಿಯನ್ನು ಎಂಟರ ಹರೆಯದಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರಿಸುವಾಗ, ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಕಲಿಯಬೇಕೆಂಬ ಷರತ್ತು ಹಾಕಲಾಗಿತ್ತು. ಕೆಲವೇ ದಿನಗಳಲ್ಲಿ ಆಕೆ ಅಕ್ಷರ ಹಿಡಿದರು. ಕಾಸರಗೋಡಿನಲ್ಲಿ ಹುಟ್ಟಿದ, ಮಲಯಾಳ ಮನೆಮಾತಿನ ಸಾರಾ ಅಬೂಬಕ್ಕರ್ ಕನ್ನಡದಲ್ಲಿ ಓದಿ ಕನ್ನಡದಲ್ಲೇ ಬರೆದರು. ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ವೃತ್ತಿಯಿಂದ ಭೂವಿಜ್ಞಾನದ ಅಧ್ಯಾಪಕರು. ನಾಡು ಅವರನ್ನು ಕವಿಯಾಗಿ ಎದೆಗಪ್ಪಿಕೊಂಡಿತು. ಕಲ್ಲು-ಮಣ್ಣಿನ ಬಗ್ಗೆ ಕೇಳುವ ಮನಸ್ಸೇ ಮನುಷ್ಯರ ಬಗ್ಗೆಯೂ ಕೇಳುತ್ತದೆ. ಇವರಲ್ಲಿ ಯಾರೂ ಸುಲಭದ ಪ್ರಶ್ನೆ ಕೇಳಿದವರಲ್ಲ. ಕೆಲವರು ಸಮುದಾಯದ ಒಳಗಿನ ಹೆಣ್ಣಿನ ನೋವಿನ ಬಗ್ಗೆ ಕೇಳಿ ಬೈಗಳನ್ನೂ ಬಹಿಷ್ಕಾರದ ಬೆದರಿಕೆಯನ್ನೂ ಎದುರಿಸಿದರು. ಇಂದು ಅವರ ಹೆಸರನ್ನು ಅಭಿಮಾನದಿಂದ ಹೇಳಿಕೊಳ್ಳುವ ನಾವೆಲ್ಲರೂ, ಅಂತಹದೇ ಪ್ರಶ್ನೆಯನ್ನು ನಮ್ಮ ಮನೆಯ ಹದಿನಾರರ ಮಗಳು ಕೇಳಿದರೆ ಏನು ಮಾಡುತ್ತೇವೆ ಎಂದು ಯೋಚಿಸಬೇಕು.

ಹಾಗಾದರೆ ನಮ್ಮ ಪೀಳಿಗೆಯ ಪ್ರಶ್ನೆಗಳು ಯಾವುವು? ಅವು ದೇವನ ಅಸ್ತಿತ್ವದ ಬಗೆಗಿನ ತಾತ್ವಿಕ ಪ್ರಶ್ನೆಗಳೇ ಎಂದು ಹಿರಿಯರು ಭಯಪಡುತ್ತಾರೆ. ಅಂತಹವೂ ಇವೆ. ಆದರೆ ಹೆಚ್ಚಿನವು ಬದುಕಿಗೆ ಸಂಬಂಧಿಸಿದವು. ಬಡ್ಡಿ ನಿಷಿದ್ಧ ಎಂದು ಖುತ್ಬಾದಲ್ಲಿ ಕೇಳುತ್ತೇವೆ. ಬೆಂಗಳೂರಿನಲ್ಲಿ ಸಂಬಳದ ದೊಡ್ಡ ಪಾಲನ್ನು ಬಾಡಿಗೆಗೆ ಕೊಡುವವನು ಸಾಲವಿಲ್ಲದೆ ಮನೆ ಮಾಡುವುದು ಹೇಗೆ? ವರದಕ್ಷಿಣೆ ತಪ್ಪು ಎಂದು ಭಾಷಣ ಮಾಡಿದವರ ಮನೆಯ ಮದುವೆಯಲ್ಲೇ ಚಿನ್ನದ ಲೆಕ್ಕಾಚಾರ ನಡೆದರೆ ಯಾರನ್ನು ನಂಬುವುದು? ವೈದ್ಯೆಯಾಗಿ ರಾತ್ರಿ ಪಾಳಿಯಲ್ಲಿ ದುಡಿಯುವ ಮಗಳು ಸಮುದಾಯಕ್ಕೆ ಹೆಮ್ಮೆಯಾಗುವುದಾದರೆ, ಆಕೆಯ ಮದುವೆಯ ಮಾತುಕತೆಯಲ್ಲಿ ಆ ದುಡಿಮೆಯೇ ಅಡ್ಡಿಯಾಗುವುದೇಕೆ? ಆಕೆ ಪ್ರಯಾಣದಲ್ಲಿರುವಾಗ ನಮಾಝಿಗೆ ಮಸೀದಿಯಲ್ಲಿ ಜಾಗವಿದೆಯೇ? ಕಚೇರಿಯ ಗೆಳೆಯನ ಗೃಹಪ್ರವೇಶಕ್ಕೆ ಹೋಗಬಹುದೇ, ಎಲ್ಲಿಯವರೆಗೆ ಭಾಗವಹಿಸಬಹುದು? ಕೃತಕ ಬುದ್ಧಿಮತ್ತೆಯ ಯಂತ್ರ ಬರೆದುದನ್ನು ನನ್ನದೆಂದು ಸಲ್ಲಿಸುವುದು ಪ್ರಾಮಾಣಿಕತೆಯೇ? ಇಂತಹ ಪ್ರಶ್ನೆ ಕೇಳುವವನು ಧರ್ಮವನ್ನು ಬಿಟ್ಟು ಓಡುತ್ತಿರುವವನಲ್ಲ. ಧರ್ಮವನ್ನು ತನ್ನ ದಿನನಿತ್ಯದೊಳಗೆ ತರಲು ಬಯಸುವವನು ಮಾತ್ರ ಇಷ್ಟು ತಲೆಕೆಡಿಸಿಕೊಳ್ಳುತ್ತಾನೆ. ಪರವಾಗಿಲ್ಲ ಎಂದುಕೊಂಡವನಿಗೆ ಪ್ರಶ್ನೆಯೇ ಇರುವುದಿಲ್ಲ.

ಪವಿತ್ರ ಕುರ್‌ಆನ್‌ನಲ್ಲಿ ಪ್ರವಾದಿ ಇಬ್ರಾಹೀಮ್(ಅ)ರ ಘಟನೆಯೊಂದಿದೆ. ಸತ್ತವರಿಗೆ ಮತ್ತೆ ಜೀವ ಕೊಡುವುದು ಹೇಗೆಂದು ತೋರಿಸಿಕೊಡಬೇಕೆಂದು ಅವರು ಅಲ್ಲಾಹನಲ್ಲೇ ಬೇಡಿಕೊಂಡರು. ವಿಶ್ವಾಸ ಇರಲಿಲ್ಲವೆಂದಲ್ಲ, ಹೃದಯಕ್ಕೆ ಸಮಾಧಾನ ಬೇಕಿತ್ತು. ಆ ಬೇಡಿಕೆಗೆ ಗದರಿಕೆ ಬರಲಿಲ್ಲ, ಉತ್ತರ ಬಂತು. ಅಲ್ಲಾಹನ ಮಿತ್ರನೆಂದು ಕರೆಯಲ್ಪಟ್ಟವರಿಗೇ ಪ್ರಶ್ನಿಸುವ ಅವಕಾಶವಿತ್ತೆಂದ ಮೇಲೆ, ಇಪ್ಪತ್ತೈದರ ಯುವಕನೊಬ್ಬ ಉಸ್ತಾದರ ಮುಂದೆ ಸಂದೇಹವೊಂದನ್ನು ಇಟ್ಟರೆ ಆಕಾಶ ಕಳಚಿ ಬೀಳುವುದೇನು?

14ನೇ ಶತಮಾನದ ಮಹಾನ್ ಚಿಂತಕ ಇಬ್ನ್ ಖಲ್ದೂನ್ 1377ರಲ್ಲಿ ಬರೆದ ‘ಮುಕದ್ದಿಮಾ’ದಲ್ಲಿ ಶಿಕ್ಷಣದ ಬಗ್ಗೆ ಮಾಡಿದ ಎರಡು ಅವಲೋಕನಗಳು ಇಲ್ಲಿ ಉಲ್ಲೇಖಾರ್ಹ. ಒಂದು, ವರ್ಷಗಟ್ಟಲೆ ತರಗತಿಯಲ್ಲಿ ಮೌನವಾಗಿ ಕುಳಿತು ಬಾಯಿಪಾಠ ಮಾಡಿದ ವಿದ್ಯಾರ್ಥಿಗಳು ಕೊನೆಗೂ ವಿಷಯದ ಮೇಲೆ ಹಿಡಿತ ಸಾಧಿಸಲಾರರು. ಚರ್ಚೆ, ಸಂವಾದಗಳಿಂದ ಮಾತ್ರ ಜ್ಞಾನ ಕೈವಶವಾಗುತ್ತದೆ. ಎರಡು, ಕಲಿಯುವವರ ಮೇಲೆ ಅತಿಯಾದ ಕಠೋರತೆ ತೋರಿದರೆ ಅವರ ಉತ್ಸಾಹ ಬತ್ತುತ್ತದೆ. ದಂಡನೆಯ ಭಯದಿಂದ ಮನಸ್ಸಿನಲ್ಲಿರುವುದನ್ನು ಬಚ್ಚಿಟ್ಟು ಬೇರೆಯದನ್ನು ತೋರಿಸಿಕೊಳ್ಳುವುದನ್ನು, ಅಂದರೆ ಸುಳ್ಳನ್ನು, ಅವರು ಕಲಿಯುತ್ತಾರೆ. ಆರೂವರೆ ಶತಮಾನಗಳ ಹಿಂದಿನ ಈ ಎಚ್ಚರಿಕೆ ಇಂದಿನ ನಮ್ಮ ಮನೆಗಳನ್ನು ನೋಡಿಯೇ ಬರೆದಂತಿದೆ. ಮನೆಯಲ್ಲಿ ಒಂದು ಮುಖ, ಬೆಂಗಳೂರಿನ ಕೊಠಡಿಯಲ್ಲಿ ಇನ್ನೊಂದು ಮುಖ ಎಂದು ಬದುಕುವ ಯುವಕ-ಯುವತಿಯರು ನಮ್ಮ ನಡುವೆ ಕಡಿಮೆಯೇನಿಲ್ಲ. ಅವರು ಹುಟ್ಟಿನಿಂದ ಕಪಟಿಗಳಾಗಿರಲಿಲ್ಲ. ಕೇಳಿದರೆ ಬೈಗಳು ಬೀಳುತ್ತದೆಂದು ಗೊತ್ತಾದ ದಿನದಿಂದ ಅವರು ಕೇಳುವುದನ್ನು ನಿಲ್ಲಿಸಿದರು, ಅಷ್ಟೇ.

ಕೇಳುವುದನ್ನು ನಿಲ್ಲಿಸಿದರೆಂದ ಮಾತ್ರಕ್ಕೆ ಪ್ರಶ್ನೆ ಸತ್ತಿತೇ? ಇಲ್ಲ. ಅದು ಮೊಬೈಲಿಗೆ ಹೋಯಿತು. ಅಲ್ಲಿ ಉತ್ತರ ಕೊಡುವವನು ಯಾರೆಂದು ಗೊತ್ತಿಲ್ಲ, ಅವನ ಉದ್ದೇಶವೇನೆಂದು ತಿಳಿದಿಲ್ಲ, ನಾಳೆ ಆ ಉತ್ತರದಿಂದ ಮನೆಯೊಂದು ಮುರಿದರೆ ಅವನು ಹೊಣೆಯೂ ಅಲ್ಲ. ಒಂದು ಕಡೆ ಧರ್ಮವನ್ನೇ ಗೇಲಿ ಮಾಡುವವರು, ಇನ್ನೊಂದು ಕಡೆ ಧರ್ಮದ ಹೆಸರಿನಲ್ಲಿ ನೆರೆಯವರನ್ನೆಲ್ಲ ಶತ್ರುಗಳೆಂದು ಬಿಂಬಿಸುವವರು. ಇಬ್ಬರಿಗೂ ಬೇಕಾಗಿರುವುದು ಮನೆಯಲ್ಲಿ ಉತ್ತರ ಸಿಗದ ಯುವಕನೇ. ಮಗ ಪ್ರಶ್ನೆ ಕೇಳುತ್ತಾನೆಂದು ಚಿಂತಿಸುವ ತಂದೆ, ಮಗ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಾಗ ಹೆಚ್ಚು ಚಿಂತಿಸಬೇಕು.

ಇನ್ನೊಂದು ಸಂಗತಿಯನ್ನು ನಾವು ಗಮನಿಸಬೇಕಾಗಿದೆ. ವೃತ್ತಿಯ ಜಗತ್ತಿನಲ್ಲಿ ಪ್ರಶ್ನೆಗಳು ನಮ್ಮತ್ತಲೂ ಬರುತ್ತವೆ. ‘ನೀವು ಮುಸ್ಲಿಮರ ಹಾಗೆ ಕಾಣುವುದಿಲ್ಲವಲ್ಲ?’ ಎಂದು ಹೊಗಳಿಕೆಯ ಧಾಟಿಯಲ್ಲಿ ಹೇಳುವ ಸಹೋದ್ಯೋಗಿ, ರಮಝಾನ್‌ನಲ್ಲಿ ನೀರೂ ಕುಡಿಯುವುದಿಲ್ಲವೇ ಎಂದು ಪ್ರಾಮಾಣಿಕವಾಗಿ ಅಚ್ಚರಿಪಡುವ ಗೆಳತಿ, ಹೆಸರು ಕೇಳಿದೊಡನೆ ಮನೆ ಬಾಡಿಗೆಗೆ ಈಗಷ್ಟೇ ಹೋಯಿತೆನ್ನುವ ಮಾಲಕ- ನಗರದಲ್ಲಿ ದುಡಿಯುವ ನಮ್ಮಲ್ಲಿ ಬಹುತೇಕರಿಗೆ ಈ ಮೂವರೂ ಪರಿಚಿತರು. ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಮೊದಲನೆಯವರಿಗೆ ನಯವಾದ ತಿದ್ದುಪಡಿ ಬೇಕು. ಎರಡನೆಯವರಿಗೆ ಉತ್ತರವೂ ಇಫ್ತಾರ್‌ನ ಆಮಂತ್ರಣವೂ ಬೇಕು. ಮೂರನೆಯವರ ವರ್ತನೆಯನ್ನು ತಾರತಮ್ಯವೆಂದು ಹೆಸರಿಟ್ಟೇ ಕರೆಯಬೇಕು. ಕುತೂಹಲದಿಂದ ಬಂದ ಪ್ರಶ್ನೆ ಯಾವುದು, ಸಂಶಯದಿಂದ ಬಂದ ವಿಚಾರಣೆ ಯಾವುದು ಎಂದು ಗುರುತಿಸುವ ವಿವೇಕ ಪುಸ್ತಕದಿಂದ ಬರುವುದಿಲ್ಲ. ಮನೆಯಲ್ಲಿ ಪ್ರಶ್ನೆ-ಉತ್ತರದ ರೂಢಿ ಇದ್ದವನಿಗೆ ಅದು ತಾನಾಗಿ ಒದಗುತ್ತದೆ. ತನ್ನ ಧರ್ಮದ ಬಗ್ಗೆ ಮನೆಯಲ್ಲಿ ಒಮ್ಮೆಯೂ ಕೇಳಲು ಅವಕಾಶ ಸಿಗದವನು, ಕಚೇರಿಯ ಊಟದ ಮೇಜಿನಲ್ಲಿ ಯಾರೋ ಕೇಳಿದಾಗ ಒಂದೋ ಸಿಡುಕುತ್ತಾನೆ, ಇಲ್ಲವೇ ತಲೆತಗ್ಗಿಸುತ್ತಾನೆ.

2022ರ ಹಿಜಾಬ್ ಪ್ರಕರಣವು ಈ ದೃಷ್ಟಿಯಿಂದ ನಮಗೊಂದು ಪಾಠ. ಆ ವರ್ಷ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಸರಕಾರದ ಆದೇಶವನ್ನು ಎತ್ತಿಹಿಡಿಯಿತು; ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪು ನೀಡಿದರು. ಈ ನಡುವೆ ಟಿ.ವಿ. ಚಾನೆಲ್‌ಗಳ ಮೈಕುಗಳ ಮುಂದೆ ನಿಂತವರು ಹದಿನೇಳು, ಹದಿನೆಂಟರ ಹೆಣ್ಣುಮಕ್ಕಳು. ಆ ವಯಸ್ಸಿಗೆ ಅವರು ಸಂವಿಧಾನದ 25ನೇ ವಿಧಿಯ ಬಗ್ಗೆ, ತಮ್ಮ ಆಯ್ಕೆಯ ಬಗ್ಗೆ, ಶಿಕ್ಷಣದ ಹಕ್ಕಿನ ಬಗ್ಗೆ ಮಾತನಾಡಬೇಕಾಗಿ ಬಂತು. ಅವರಿಗೆ ಮಾತನಾಡಲು ನಾವು ಎಂದಾದರೂ ಕಲಿಸಿದ್ದೆವೇ? ನಮ್ಮ ಜಮಾಅತ್ ಸಭೆಗಳಲ್ಲಿ, ಕುಟುಂಬದ ತೀರ್ಮಾನಗಳಲ್ಲಿ ಅವರ ಅಭಿಪ್ರಾಯ ಕೇಳಲಾಗಿತ್ತೇ? ಮನೆಯಲ್ಲಿ ಮೌನವಾಗಿರಬೇಕೆಂದು ಬಯಸಿದ ಮಗಳು ಹೊರಗೆ ಸಮುದಾಯದ ಧ್ವನಿಯಾಗಬೇಕೆಂದು ನಿರೀಕ್ಷಿಸುವುದು ನ್ಯಾಯವೇ?

ಹಿರಿಯರ ಆತಂಕವೂ ಅರ್ಥಹೀನವೇನಲ್ಲ. ಪ್ರಶ್ನೆಯ ವೇಷದಲ್ಲಿ ಅಹಂಕಾರ ಬರುವುದುಂಟು. ಉತ್ತರ ಬೇಡದ, ಎದುರಿನವರನ್ನು ಸೋಲಿಸಲಿಕ್ಕೆಂದೇ ಕೇಳುವ ಪ್ರಶ್ನೆಗಳುಂಟು. ಅರ್ಧ ನಿಮಿಷದ ವೀಡಿಯೋ ನೋಡಿ, ಅರ್ಧ ಆಯುಷ್ಯವನ್ನು ಕಿತಾಬುಗಳಿಗೆ ಕೊಟ್ಟ ವಿದ್ವಾಂಸರನ್ನು ಹೀಗಳೆಯುವುದು ಜಿಜ್ಞಾಸೆಯಲ್ಲ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬೆಳಕಿನ ಬಗ್ಗೆ ಸಂಶೋಧನೆ ನಡೆಸಿದ ಇಬ್ನುಲ್ ಹೈಸಮ್, ಗ್ರೀಕ್ ವಿದ್ವಾಂಸ ಟಾಲೆಮಿಯ ಬಗ್ಗೆ ಸಂದೇಹಗಳನ್ನು ಎತ್ತಿ ಪ್ರತ್ಯೇಕ ಗ್ರಂಥವನ್ನೇ ಬರೆದವರು. ಆದರೆ ಅದಕ್ಕೂ ಮೊದಲು ಅವರು ಟಾಲೆಮಿಯನ್ನು ಆಳವಾಗಿ ಓದಿದ್ದರು. ಸಂದೇಹ ಪಡುವ ಹಕ್ಕಿನ ಜೊತೆಗೆ ಓದುವ ಹೊಣೆಯೂ ಬರುತ್ತದೆ. ಪ್ರಶ್ನೆಗೂ ಒಂದು ಅದಬ್ ಇದೆ: ತಿಳಿಯುವ ಉದ್ದೇಶವಿರಬೇಕು, ಉತ್ತರವನ್ನು ಪೂರ್ತಿ ಕೇಳುವ ತಾಳ್ಮೆ ಇರಬೇಕು, ‘ನನಗೆ ಗೊತ್ತಿಲ್ಲ’ ಎಂದು ಎದುರಿನವರು ಹೇಳಿದರೆ ಅದನ್ನು ಗೌರವಿಸುವ ಮನಸ್ಸಿರಬೇಕು. ಈ ಅದಬ್ ಹುಟ್ಟಿನಿಂದ ಬರುವುದಿಲ್ಲ. ಕೇಳಲು ಅವಕಾಶ ಸಿಕ್ಕಾಗ ಮಾತ್ರ ಬೆಳೆಯುತ್ತದೆ.

ಇಲ್ಲಿ ಇನ್ನೊಂದು ವಾಸ್ತವವನ್ನೂ ಮರೆಯುವಂತಿಲ್ಲ. 2006ರ ನವೆಂಬರ್‌ನಲ್ಲಿ ಸಲ್ಲಿಸಲ್ಪಟ್ಟ ಸಾಚಾರ್ ಸಮಿತಿಯ ವರದಿಯ ಪ್ರಕಾರ, 20 ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ, ದೇಶದ ಒಟ್ಟು ಜನಸಂಖ್ಯೆಯಲ್ಲಿ ಆ ಪ್ರಮಾಣ ಸುಮಾರು ಶೇ. 7 ಇತ್ತು. ಅಂದರೆ ಇಂದು ವೃತ್ತಿಯಲ್ಲಿರುವ ನಮ್ಮಲ್ಲಿ ಅನೇಕರು ತಮ್ಮ ಮನೆಯ ಮೊದಲ ಪದವೀಧರರು. ಯಾವ ಕೋರ್ಸು ಸೇರಬೇಕು, ಸಂದರ್ಶನದಲ್ಲಿ ಹೇಗೆ ಮಾತನಾಡಬೇಕು, ಮೇಲಧಿಕಾರಿಯ ಅನ್ಯಾಯವನ್ನು ಹೇಗೆ ಎದುರಿಸಬೇಕು ಎಂದು ಕೇಳಲು ಅವರಿಗೆ ಮನೆಯಲ್ಲಿ ಯಾರೂ ಇರಲಿಲ್ಲ. ಅವರು ತಮ್ಮ ದಾರಿಯನ್ನು ಅಪರಿಚಿತರಲ್ಲಿ ಕೇಳಿ ಕೇಳಿಯೇ ಕಂಡುಕೊಂಡರು. ಕೇಳುವುದು ಅವರ ಪಾಲಿಗೆ ಉದ್ಧಟತನವಾಗಿರಲಿಲ್ಲ, ಬದುಕುವ ಉಪಾಯವಾಗಿತ್ತು. ಉದ್ಯೋಗ ಕೊಟ್ಟ ಆ ಗುಣವನ್ನು ಊರಿಗೆ ಬಂದೊಡನೆ ಚಪ್ಪಲಿಯ ಜೊತೆ ಹೊಸ್ತಿಲ ಹೊರಗೆ ಬಿಟ್ಟು ಬಾ ಎಂದರೆ ಅವರೇನು ಮಾಡಬೇಕು?

ಹಾಗಾದರೆ ಆಗಬೇಕಾದುದೇನು? ದೊಡ್ಡ ಯೋಜನೆಗಳೇನೂ ಬೇಕಾಗಿಲ್ಲ. ಪ್ರತಿ ಮೊಹಲ್ಲಾದಲ್ಲಿ ವಾರಕ್ಕೊಮ್ಮೆ, ಇಶಾ ನಮಾಝಿನ ಬಳಿಕ ಒಂದು ಗಂಟೆ, ಯಾವ ಪ್ರಶ್ನೆಯನ್ನೂ ಕೇಳಬಹುದಾದ ಒಂದು ಕೂಟ ನಡೆಯಲಿ. ಕೇಳಿದವನ ಹೆಸರನ್ನು ಮರುದಿನ ಅಂಗಡಿಯ ಜಗಲಿಯಲ್ಲಿ ಚರ್ಚಿಸಬಾರದೆಂಬುದೊಂದೇ ನಿಯಮವಿರಲಿ. ಹೆಣ್ಣುಮಕ್ಕಳಿಗೂ ಅದೇ ಅವಕಾಶ, ಅವರಿಗೆ ಅನುಕೂಲವಾಗುವ ಹೊತ್ತಿನಲ್ಲಿ ಸಿಗಲಿ. ಜಮಾಅತ್ ಸಮಿತಿಗಳಲ್ಲಿ ಮೂವತ್ತರ ಹರೆಯದವರಿಗೆ ಕುರ್ಚಿ ಜೋಡಿಸುವ ಕೆಲಸ ಮಾತ್ರವಲ್ಲ, ತೀರ್ಮಾನದ ಪಾಲೂ ಇರಲಿ. ವೃತ್ತಿಯಲ್ಲಿರುವವರು ರಜೆಯಲ್ಲಿ ಊರಿಗೆ ಬಂದಾಗ ಹತ್ತನೇ ತರಗತಿಯ ಮಕ್ಕಳೊಂದಿಗೆ ಒಂದು ದಿನ ಕುಳಿತುಕೊಳ್ಳಲಿ. ನಮಗೆ ಸಿಗದ ಉತ್ತರ ಅವರಿಗಾದರೂ ಸಿಗಲಿ.

ನಮ್ಮ ಪೀಳಿಗೆ ಮಾಡಬೇಕಾದ ಕೆಲಸವೂ ಇದೆ. ಮೊದಲನೆಯದು ಭಾಷೆಯದು. ನಗರದ ಫ್ಲಾಟುಗಳಲ್ಲಿ ಹುಟ್ಟುತ್ತಿರುವ ನಮ್ಮ ಮಕ್ಕಳಿಗೆ ಇಂಗ್ಲಿಷ್ ಹೇಗೂ ಬರುತ್ತದೆ. ಬ್ಯಾರಿ, ನವಾಯತಿ, ದಖ್ಖನಿ ಮನೆಯಲ್ಲಿ ಮಾತನಾಡದಿದ್ದರೆ ಎಲ್ಲಿಂದಲೂ ಬರುವುದಿಲ್ಲ. ಸರಕಾರ 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿತು, ಸಂತೋಷ. ಆದರೆ ಅಜ್ಜಿಯ ಬಳಿ ಎರಡು ಮಾತಾಡಲು ಬಾರದ ಮೊಮ್ಮಗನಿಗೆ ಯಾವ ಅಕಾಡೆಮಿಯೂ ಅಜ್ಜಿಯನ್ನು ತಂದುಕೊಡದು. ನಾಲ್ಕು ಭಾಷೆಗಳ ಬಾಲ್ಯದಿಂದ ನಾವು ಪಡೆದುದನ್ನು ಒಂದೇ ಭಾಷೆಯ ಬಾಲ್ಯಕ್ಕೆ ಮಾರಿಕೊಳ್ಳುವುದು ಲಾಭದ ವ್ಯಾಪಾರವಲ್ಲ. ಎರಡನೆಯದು, ನಮ್ಮ ಕುತೂಹಲವು ಹೆತ್ತವರತ್ತಲೂ ತಿರುಗಬೇಕು. ಅಪ್ಪ ಮೊದಲ ಬಾರಿ ವಿಮಾನ ಹತ್ತಿದಾಗ ಕಿಸೆಯಲ್ಲಿ ಎಷ್ಟು ಹಣವಿತ್ತು? ಅಮ್ಮ ಓದು ನಿಲ್ಲಿಸಿದ್ದು ಯಾವ ತರಗತಿಯಲ್ಲಿ, ಯಾರ ಮಾತಿನಿಂದ? 1992ರ ಆ ರಾತ್ರಿ ಅವರು ಏನು ಮಾತಾಡಿಕೊಂಡರು? ಇವನ್ನು ಕೇಳಿದರೆ ಸಿಗುವ ಉತ್ತರ ಯಾವ ಅಂತರ್ಜಾಲದಲ್ಲೂ ಇಲ್ಲ. ಅವರ ಭಯದ ಬೇರು ಎಲ್ಲಿದೆ ಎಂದು ತಿಳಿದವನು ಅವರ ಗದರಿಕೆಯನ್ನು ಬೇರೆಯೇ ರೀತಿಯಲ್ಲಿ ಕೇಳಿಸಿಕೊಳ್ಳುತ್ತಾನೆ.

ಮೂರನೆಯದು ನೆರೆಹೊರೆ. ತುಳುವಿನಲ್ಲಿ ‘ಎಂಚ ಉಲ್ಲರ್?’ ಎಂದು ದಿನವೂ ವಿಚಾರಿಸಿಕೊಳ್ಳುತ್ತಿದ್ದ ಬೀದಿಗಳಲ್ಲಿ ಇಂದು ಕಾಂಪೌಂಡುಗಳು ಎತ್ತರವಾಗಿವೆ. ಕಾಂಪೌಂಡಿನ ಎರಡೂ ಕಡೆಯ ಮಕ್ಕಳು ಪರಸ್ಪರರ ಬಗ್ಗೆ ತಿಳಿಯುವುದು ಯಾರೋ ರಾಜಕೀಯ ಲಾಭಕ್ಕಾಗಿ ಹಂಚಿದ ವಾಟ್ಸಾಪ್ ಸಂದೇಶಗಳಿಂದ. ದ್ವೇಷವನ್ನು ಬಿತ್ತುವವರು ಅತಿ ಹೆಚ್ಚು ಹೆದರುವುದು ಪ್ರತಿಭಟನೆಗಲ್ಲ, ಪರಿಚಯಕ್ಕೆ. ಪರಿಚಯ ಶುರುವಾಗುವುದು ಒಂದು ಪ್ರಶ್ನೆಯಿಂದಲೇ. ನಾವು ಅವರನ್ನು ಕೇಳಬೇಕು, ಅವರು ನಮ್ಮನ್ನು ಕೇಳುವಂತಾಗಬೇಕು.

ಹೆತ್ತವರಲ್ಲಿ, ಉಸ್ತಾದರಲ್ಲಿ, ಜಮಾಅತ್‌ನ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ: ಎಲ್ಲ ಪ್ರಶ್ನೆಗಳಿಗೂ ನಿಮ್ಮ ಬಳಿ ಉತ್ತರ ಇರಬೇಕೆಂದು ನಾವು ನಿರೀಕ್ಷಿಸುವುದಿಲ್ಲ. ‘ನನಗೂ ತಿಳಿಯದು, ಬಾ, ಜೊತೆಯಾಗಿ ಹುಡುಕೋಣ’ ಎಂಬ ಒಂದು ಮಾತು ಸಾಕು. ಅಷ್ಟು ಹೇಳುವ ತಂದೆಯ ಮನೆಯಿಂದ ಮಗ ಎಷ್ಟು ದೂರದ ಊರಿಗೆ ಹೋದರೂ ಪೂರ್ತಿಯಾಗಿ ಹೊರಟುಹೋಗಿರುವುದಿಲ್ಲ. ಮುಂದಿನ ಪ್ರಶ್ನೆ ಹುಟ್ಟಿದಾಗ ಅವನು ಮೊದಲು ಕರೆ ಮಾಡುವುದು ಅದೇ ಮನೆಗೆ.